ಹಕಾರದ ಹಠ

ಅವರಿಬ್ಬರು ಮೊದಲ ಸಲ ನನ್ನ ಕೋಣೆಗೆ ಬಂದ ದಿನ ನಾನು ರೋಗಿ ಯಾರೆಂಬುದನ್ನೇ ತಪ್ಪು ತಿಳಿದೆ. ಮುಂದೆ ಬಂದದ್ದು ಐವತ್ತರ ಆಸುಪಾಸಿನ ಹೆಂಗಸು. ಒಂದು ಕೈ ಮೇಜಿನ ಅಂಚನ್ನು ಹುಡುಕುತ್ತಿತ್ತು, ಕಣ್ಣು ನನ್ನ ತಲೆಯ ಮೇಲೆಲ್ಲೋ ನೆಟ್ಟಿತ್ತು. ಹಿಂದಿದ್ದ ಗಂಡಸು ಕುತ್ತಿಗೆಗೆ ಟವೆಲಿನಂಥ ಬೈರಾಸು ಸುತ್ತಿಕೊಂಡು ಸುಮ್ಮನೆ ನಿಂತಿದ್ದರು. "ಕಣ್ಣಿನ ಡಾಕ್ಟರು ಆಚೆ ಬದಿಯಮ್ಮ, ಇದು ಕಿವಿ, ಮೂಗು, ಗಂಟಲು" ಎಂದೆ.

ಹೆಂಗಸು ನಕ್ಕರು. "ಗೊತ್ತುಂಟು ಡಾಕ್ಟ್ರೆ. ನನ್ನ ಕಣ್ಣಿಗೆ ಇನ್ನು ಎಂತದೂ ಮಾಡ್ಲಿಕ್ಕಿಲ್ಲ. ಇವರ ಸ್ವರಕ್ಕೆ ಎಂತಾದ್ರೂ ಮಾಡ್ಲಿಕ್ಕೆ ಆಗ್ತದಾ ಅಂತ ಕೇಳ್ಲಿಕ್ಕೆ ಬಂದದ್ದು."

ಆಗ ಆ ಗಂಡಸು ಬೈರಾಸು ಇಳಿಸಿದರು. ಕುತ್ತಿಗೆಯ ಬುಡದಲ್ಲಿ ದುಂಡಗಿನ ತೂತು, ಸುತ್ತ ವಿಕಿರಣ ಚಿಕಿತ್ಸೆಯಿಂದ ಕಪ್ಪಾಗಿ ಗಡುಸಾದ ಚರ್ಮ. ಕ್ಯಾನ್ಸರ್ ಎಂದು ಬೇರೆ ಊರಿನ ಆಸ್ಪತ್ರೆಯಲ್ಲಿ ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆದಿದ್ದರು. ಚೆನ್ನಾಗಿಯೇ ತೆಗೆದಿದ್ದರು, ಕಾಯಿಲೆ ಮರಳಿರಲಿಲ್ಲ. ಮನುಷ್ಯ ಬದುಕಿದ್ದರು, ಉಸಿರು ಆ ತೂತಿನಿಂದ ಹೋಗಿ ಬರುತ್ತಿತ್ತು, ಬಾಯಿ ಊಟಕ್ಕೆ ಮಾತ್ರ ಉಳಿದಿತ್ತು.

"ಎಲ್ಲರಿಗೂ ಇವರು ಬರೆದು ತೋರಿಸ್ತಾರೆ" ಎಂದರು ಹೆಂಡತಿ. "ನನಗೆ ಬರೆದು ಎಂತ ಪ್ರಯೋಜನ? ನಮ್ಮದು ಚಪ್ಪಾಳೆ. ಒಂದು ತಟ್ಟಿದ್ರೆ ಹೌದು, ಎರಡು ತಟ್ಟಿದ್ರೆ ಅಲ್ಲ. ಹೌದು ಅಲ್ಲ ಅಂತಲೇ ಎಷ್ಟು ದಿನ ಸಂಸಾರ ಮಾಡುದು ಹೇಳಿ."

ಅವರು ಇದನ್ನು ತಮಾಷೆಯಾಗಿಯೇ ಹೇಳಿದರು. ನನಗೆ ನಗು ಬರಲಿಲ್ಲ. ಮಾತು ಹೋದ ಗಂಡ, ಕಣ್ಣು ಹೋದ ಹೆಂಡತಿ, ಇಬ್ಬರೇ ಇರುವ ಮನೆ. ಕತ್ತಲೆಯಲ್ಲಿ ಇರುವವರಿಗೆ ಇನ್ನೊಬ್ಬ ಮನುಷ್ಯ ಎಂದರೆ ಅವನ ಸ್ವರವೇ ತಾನೇ? ಅದು ನಿಂತರೆ ಅವನು ಇದ್ದೂ ಇಲ್ಲ.

ಗಂಡ ಗುಂಡ್ಯದ ಹೆದ್ದಾರಿ ಬದಿಯ ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದವರು. ಘಾಟಿ ಹತ್ತುವ ಬಸ್ಸುಗಳು ನಿಂತಾಗ ಪ್ರಯಾಣಿಕರನ್ನು ಕರೆಯುವುದು, ಆರ್ಡರನ್ನು ಅಡುಗೆಮನೆಗೆ ಕೂಗಿ ಹೇಳುವುದು ಅವರ ಕೆಲಸ. ಈಗ ಅಲ್ಲಿಯೇ ಹಿಂದಿನ ಕೋಣೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದರು. ಹೆಂಡತಿ ಬೀಡಿ ಕಟ್ಟುವವರು. ಕಣ್ಣು ಹೋದ ಮೇಲೂ ಬೆರಳು ಕೆಲಸ ಮರೆತಿರಲಿಲ್ಲ. "ನಾನು ಕಟ್ಟಿದ್ದನ್ನೇ ಇವರು ಸೇದಿದ್ದು. ಹಾಗಾಗಿ ಬಯ್ಯುವ ಹಾಗೂ ಇಲ್ಲ" ಎಂದರು. ವಾರ್ಡಿನಲ್ಲಿ ಮುಂದೆ ಎಲ್ಲರೂ ಅವರನ್ನು ಗುಂಡ್ಯದ ಅಣ್ಣ, ಇವರನ್ನು ಅಕ್ಕ ಎಂದು ಕರೆದರು. ನಾನೂ ಹಾಗೆಯೇ ಕರೆಯುತ್ತೇನೆ.

ಅಣ್ಣ ಎರಡು ದಾರಿಗಳನ್ನು ಆಗಲೇ ನೋಡಿ ಬಿಟ್ಟಿದ್ದರು. ಗಾಳಿಯನ್ನು ನುಂಗಿ, ತೇಗಿನ ಹಾಗೆ ಹೊರಗೆ ಬಿಡುತ್ತಾ ಮಾತಾಡುವುದು ಒಂದು. ಅದಕ್ಕೆ ಬೇಕಾದ ತಾಳ್ಮೆ ಅವರಲ್ಲಿತ್ತು, ಗಾಳಿ ಮಾತ್ರ ನಿಲ್ಲಲಿಲ್ಲ. ಕುತ್ತಿಗೆಗೆ ಒತ್ತಿ ಹಿಡಿಯುವ ಬ್ಯಾಟರಿಯ ಯಂತ್ರ ಇನ್ನೊಂದು. ಅವರ ಕುತ್ತಿಗೆ ಹಲಗೆಯ ಹಾಗೆ ಬಿಗಿದಿದ್ದರಿಂದ ಯಂತ್ರದ ಗುಂಯ್ ಎಂಬ ಸದ್ದು ಒಳಗೆ ಇಳಿಯುತ್ತಿರಲಿಲ್ಲ. "ಮನೆಯೊಳಗೆ ಕಣಜ ಬಂತು ಅಂತ ನಾನು ಹೊಡೀಲಿಕ್ಕೆ ಹಿಡಿಸೂಡಿ ತೆಗೊಂಡೆ" ಎಂದರು ಅಕ್ಕ. ಉಳಿದದ್ದು ಶಸ್ತ್ರಚಿಕಿತ್ಸೆ.

ಉಪಾಯ ಕೇಳಲು ಸರಳ. ಉಸಿರಿನ ನಾಳಕ್ಕೂ ಅನ್ನದ ನಾಳಕ್ಕೂ ನಡುವೆ ಒಂದೇ ಗೋಡೆ. ಆ ಗೋಡೆಗೊಂದು ತೂತು ಕೊರೆದು, ಅದರಲ್ಲಿ ಸಿಲಿಕೋನಿನ ಪುಟ್ಟ ಕವಾಟ ಕೂರಿಸಬೇಕು. ಕವಾಟ ಒಂದೇ ದಿಕ್ಕಿಗೆ ತೆರೆಯುತ್ತದೆ. ಕುತ್ತಿಗೆಯ ತೂತನ್ನು ಹೆಬ್ಬೆರಳಿನಿಂದ ಮುಚ್ಚಿ ಉಸಿರು ಬಿಟ್ಟರೆ ಗಾಳಿ ಅನ್ನನಾಳಕ್ಕೆ ನುಗ್ಗಿ, ಮೇಲಿನ ಸ್ನಾಯುವನ್ನು ಅದುರಿಸಿ, ಬಾಯಿಗೆ ಬರುತ್ತದೆ. ಆ ಅದುರುವಿಕೆಯೇ ಹೊಸ ಸ್ವರ. ಅನ್ನ ನೀರು ಮಾತ್ರ ಈಚೆಗೆ ಬರಬಾರದು, ಬಂದರೆ ಶ್ವಾಸಕೋಶಕ್ಕೆ ಹೋಗುತ್ತದೆ.

ಕೇಳಲು ಸರಳ ಎಂದೆ. ನಾನು ಇದನ್ನು ಕಲಿತದ್ದು ದೊಡ್ಡ ಊರಿನಲ್ಲಿ. ಅಲ್ಲಿ ಒಬ್ಬ ರೋಗಿಯ ಸುತ್ತ ಹತ್ತು ಜನ. ಸ್ವರ ಕಲಿಸುವವರು ಬೇರೆ, ಕವಾಟ ಅಳೆಯುವವರು ಬೇರೆ, ಕಷ್ಟ ಬಂದರೆ ಗುರುಗಳು ಪಕ್ಕದ ಕೋಣೆಯಲ್ಲಿ. ಇಲ್ಲಿ, ಪುತ್ತೂರಿನಲ್ಲಿ, ಇದಕ್ಕೆಲ್ಲ ನಾನೊಬ್ಬಳೇ. ಕೆಲಸ ಹಂಚಿಕೊಳ್ಳಲು ಯಾರೂ ಇಲ್ಲ ಎನ್ನುವುದಕ್ಕಿಂತ ಸಂಶಯ ಹಂಚಿಕೊಳ್ಳಲು ಯಾರೂ ಇಲ್ಲ ಎನ್ನುವುದು ಹೆಚ್ಚು ಕಷ್ಟ. ನಾನು ಗದಗ ಕಡೆಯವಳು, ಇಲ್ಲಿಯವರ ಲೆಕ್ಕದಲ್ಲಿ ಘಟ್ಟದವಳು. ಊಟದ ಹೊತ್ತಿಗೆ ಎಲ್ಲರೂ ತುಳುವಿನಲ್ಲಿ ನಗುತ್ತಿರುತ್ತಾರೆ. ನಾನು ಡಬ್ಬಿ ತೆರೆದ ಕೂಡಲೇ ಮರ್ಯಾದೆಗೆ ಕನ್ನಡಕ್ಕೆ ಹೊರಳುತ್ತಾರೆ, ನಗು ಅಲ್ಲಿಗೆ ನಿಲ್ಲುತ್ತದೆ. ನಮ್ಮೂರ ಮಾತನ್ನು ಆಡುತ್ತಿದ್ದದ್ದು ಫೋನಿನಲ್ಲಿ ಅವ್ವನ ಜೊತೆ ಮಾತ್ರ. ಅವ್ವ ಹೋದ ಮೇಲೆ ಅದೂ ನಿಂತಿತು.

ಶಸ್ತ್ರಚಿಕಿತ್ಸೆಗೆ ಮೊದಲು ಗಾಳಿಯ ಪರೀಕ್ಷೆ ಮಾಡಿದೆ. ಮೂಗಿನಿಂದ ಸಣ್ಣ ರಬ್ಬರ್ ನಳಿಗೆಯನ್ನು ಅನ್ನನಾಳಕ್ಕೆ ಇಳಿಸಿ, ಅದರ ಇನ್ನೊಂದು ತುದಿಯನ್ನು ಕುತ್ತಿಗೆಯ ತೂತಿಗೆ ಸೇರಿಸಿ, "ಆ ಅನ್ನಿ" ಎಂದೆ. ಬಾಗಿಲ ಸಂದಿಯಲ್ಲಿ ಬೆಕ್ಕಿನ ಬಾಲ ಸಿಕ್ಕಿಕೊಂಡಂಥ ಒಂದು ಸದ್ದು ಬಂದು ನಿಂತಿತು. ಪೂರ್ತಿ ಪಾಸೂ ಅಲ್ಲ, ಪೂರ್ತಿ ಫೇಲೂ ಅಲ್ಲ. ಮಾಡೋಣ ಎಂದುಕೊಂಡೆ.

ಥಿಯೇಟರಿನಲ್ಲಿ ಮೊದಲ ಅಡ್ಡಿ ಕುತ್ತಿಗೆಯೇ. ರೂಢಿಯ ಪ್ರಕಾರ ಅನ್ನನಾಳಕ್ಕೆ ಉಕ್ಕಿನ ನೇರ ಕೊಳವೆ ಹಾಕಿ, ಅದರ ಬಾಯನ್ನು ಗೋಡೆಗೆ ತಾಗಿಸಿ ಹಿಡಿದು, ಹೊರಗಿನಿಂದ ಸೂಜಿ ಚುಚ್ಚಬೇಕು. ಅದಕ್ಕೆ ಕುತ್ತಿಗೆ ಹಿಂದಕ್ಕೆ ಬಾಗಬೇಕು. ಇವರದು ಬಾಗಲೇ ಇಲ್ಲ. ಬಲ ಹಾಕಿದ್ದರೆ ವಿಕಿರಣ ತಿಂದ ಅನ್ನನಾಳ ಹರಿಯುತ್ತಿತ್ತು. ಉಕ್ಕನ್ನು ಬದಿಗಿಟ್ಟು, ಅರಿವಳಿಕೆಯವರು ಉಸಿರಿಗೆ ಬಳಸುವ ದಪ್ಪ ಪ್ಲಾಸ್ಟಿಕ್ ಕೊಳವೆಯೊಂದನ್ನು ಬಾಯಿಯ ಮೂಲಕ ಅನ್ನನಾಳಕ್ಕೆ ಇಳಿಸಿದೆ. ಅದರ ಒಳಗಿನಿಂದ ಬಾಗುವ ದುರ್ಬೀನು ಹೋಯಿತು. ಉಸಿರುನಾಳದ ಹಿಂಗೋಡೆಯಲ್ಲಿ ಬೆಳಕು ಕೆಂಪಗೆ ಕಂಡಿತು. ಆ ಕೆಂಪಿನ ನಡುವೆ ಸೂಜಿ ಚುಚ್ಚಿದೆ. ಅನ್ನನಾಳದ ಹಿಂದಿನ ಗೋಡೆಗೆ ಸೂಜಿ ತಾಗದಂತೆ ಕೊಳವೆ ತಡೆಯಿತು. ಸೂಜಿಯೊಳಗಿಂದ ತಂತಿ, ತಂತಿಯ ಮೇಲಿಂದ ರಬ್ಬರ್ ನಳಿಗೆ. ರಕ್ತ ಹೆಚ್ಚು ಬರಲಿಲ್ಲ. ವಿಕಿರಣ ಬಿದ್ದ ಜಾಗ ಅವಸರ ಸಹಿಸುವುದಿಲ್ಲ, ಹಾಗಾಗಿ ಕವಾಟ ಆಗಲೇ ಕೂರಿಸದೆ ನಳಿಗೆಯನ್ನೇ ಬಿಟ್ಟು ತೂತು ಹದವಾಗಲು ಕಾದೆ.

ಕವಾಟ ಹಾಕಿದ ದಿನ ಅಕ್ಕ ಹೊಸ ಸೀರೆ ಉಟ್ಟು ಬಂದಿದ್ದರು. ಯಾಕೆಂದು ನಾನು ಕೇಳಲಿಲ್ಲ. ನೋಡಲು ಆಗದವರು ಕೇಳುವ ದಿನಕ್ಕೆ ಉಟ್ಟ ಸೀರೆ ಅದು.

"ಆ ಅನ್ನಿ ಅಣ್ಣ."

ಅಣ್ಣ ತೂತು ಮುಚ್ಚಿದರು, ದಮ್ಮು ಕಟ್ಟಿದರು, ಮುಖ ಕೆಂಪಾಯಿತು, ಕುತ್ತಿಗೆಯ ನರ ಉಬ್ಬಿತು. ಸದ್ದಿಲ್ಲ. ಕುಡಿಯಲು ನೀರು ಕೊಟ್ಟರೆ ಕವಾಟದ ಸುತ್ತಲಿಂದ ಸೋರಿ ಕೆಮ್ಮು ಬಂತು. ಉದ್ದ ಹೆಚ್ಚಾಗಿ ಕವಾಟ ಹಿಂದೆ ಮುಂದೆ ಸರಿದಾಡುತ್ತಿತ್ತು. ತೆಗೆದು ಗಿಡ್ಡದ್ದು ಹಾಕಿದೆ. ಸೋರುವುದು ನಿಂತಿತು, ಸ್ವರ ಬರಲಿಲ್ಲ. ಕವಾಟದ್ದೇ ತಪ್ಪಿರಬಹುದೆಂದು ಅದನ್ನು ಪೂರ್ತಿ ತೆಗೆದು ಬರಿಯ ತೂತಿನಿಂದ ಗಾಳಿ ಬಿಡಿಸಿದೆ. ಆಗಲೂ ಇಲ್ಲ. ಕವಾಟ ಮರಳಿ ಕೂರಿಸಿ ಮನೆಗೆ ಕಳಿಸಿದೆ. ಬಾಗಿಲಲ್ಲಿ ಅಕ್ಕ, "ಆಂಡಾ?" ಎಂದು, ಆಯಿತಾ ಎಂದು, ಕೇಳಿದ್ದು ನನ್ನನ್ನಲ್ಲ, ಗಂಡನನ್ನು. ಅಣ್ಣ ಚಪ್ಪಾಳೆ ತಟ್ಟಿದರು, ಎರಡು.

ಆಮೇಲೆ ವಾರಗಟ್ಟಲೆ ಅಭ್ಯಾಸ. ದೊಡ್ಡ ಊರಿನಲ್ಲಿ ಕೊಡುತ್ತಿದ್ದ ಪಾಠವನ್ನೇ ನಾನೂ ಕೊಟ್ಟೆ. ಸ್ವರ ಮೆತ್ತಗೆ ಶುರುವಾಗಲಿ ಎಂದು ಅಲ್ಲಿ ಹಕಾರದಿಂದ ಆರಂಭಿಸುತ್ತಿದ್ದರು. ಹಾ, ಹಾಲು, ಹಕ್ಕಿ, ಹತ್ತು. ಅಣ್ಣ ಶಿಸ್ತಿನ ಮನುಷ್ಯ. ಗುಂಡ್ಯದಿಂದ ಉಪ್ಪಿನಂಗಡಿ, ಅಲ್ಲಿಂದ ಪುತ್ತೂರು ಎಂದು ಎರಡು ಬಸ್ಸು ಹಿಡಿದು, ಹೆಂಡತಿಯ ಕೈ ತನ್ನ ಹೆಗಲ ಮೇಲೆ ಇರಿಸಿಕೊಂಡು ಬಂದು, ನನ್ನ ಎದುರು ಕೂತು ಹಾಲು ಎನ್ನಲು ಹೆಣಗುತ್ತಿದ್ದರು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಹೆಚ್ಚು ಪ್ರಯತ್ನಿಸಿದಷ್ಟೂ ಗಂಟಲು ಹೆಚ್ಚು ಮುಚ್ಚಿಕೊಳ್ಳುತ್ತಿತ್ತು. ದಮ್ಮು ಕಟ್ಟುವ ಆ ಸದ್ದು ಅಕ್ಕನಿಗೆ ಸಹಿಸಲಾಗದೆ, "ನಾನು ಹೊರಗೆ ಕೂತ್ಕೊಳ್ತೇನೆ ಡಾಕ್ಟ್ರೆ. ಇವರು ಭಾರ ಹೊರುವ ಹಾಗೆ ಕೇಳ್ತದೆ" ಎಂದು ಎದ್ದು ಹೋಗುವುದು ರೂಢಿಯಾಯಿತು.

ಸ್ನಾಯುವಿನ ಸೆಟೆತವೇ ಕಾರಣವೆಂದು ನನಗೆ ಅನಿಸಿತ್ತು. ಗಾಳಿ ಒತ್ತಿದರೆ ಅದುರಬೇಕಾದ ಸ್ನಾಯು ಮುಷ್ಟಿಯ ಹಾಗೆ ಬಿಗಿಯುತ್ತಿತ್ತು. ಖಾತ್ರಿಗೆ ಆ ಸ್ನಾಯುವಿನ ನರಗಳ ಹತ್ತಿರ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ನೋಡಿದೆ. ಸ್ವಲ್ಪ ಹೊತ್ತು ಗರಗರ ಎಂದು ಏನೋ ಬಂತು. ಮದ್ದು ಇಳಿದಂತೆ ಅದೂ ಹೋಯಿತು.

ಗುರುಗಳಿಗೆ ಫೋನ್ ಮಾಡಿದೆ. "ಸೆಟೆತ ಅಂತ ಖಾತ್ರಿ ಆಯ್ತಲ್ಲ, ಇನ್ನೇನಮ್ಮ ಕಾಯೋದು?" ಎಂದರು. "ಸ್ನಾಯುವನ್ನು ಸಡಿಲ ಮಾಡುವ ಇಂಜೆಕ್ಷನ್ ಕೊಡಬಹುದು, ಆದರೆ ಸೂಜಿ ಎಲ್ಲಿ ಹೋಗ್ತಿದೆ ಅಂತ ತೋರಿಸೋ ಯಂತ್ರ ನಿನ್ನ ಹತ್ರ ಇಲ್ಲ. ಕುತ್ತಿಗೆ ಬಿಚ್ಚಿ ಸ್ನಾಯು ಸೀಳಿಬಿಡು."

"ವಿಕಿರಣ ಆದ ಕುತ್ತಿಗೆ ಸರ್. ಹೊಲಿಗೆ ಬಿಟ್ಟರೆ?"

"ಬಿಟ್ಟರೆ ನುಂಗಿದ್ದು ಕುತ್ತಿಗೆಯಿಂದ ಹೊರಗೆ ಬರುತ್ತೆ. ಅದು ನಿನಗೂ ಗೊತ್ತು, ನನಗೂ ಗೊತ್ತು. ಬಿಡದ ಹಾಗೆ ಮಾಡು."

ಫೋನ್ ಇಟ್ಟ ಮೇಲೆ ಲೆಕ್ಕ ಹಾಕಿದೆ. ಈಗ ಈ ಮನುಷ್ಯ ಮಾತಾಡುವುದಿಲ್ಲ, ಆದರೆ ಹೆಂಡತಿ ಬಡಿಸಿದ್ದನ್ನು ಉಣ್ಣುತ್ತಾರೆ. ಕೈ ತಪ್ಪಿದರೆ ಅದೂ ಇಲ್ಲ. ನನಗೆ ಹೆದರಿಕೆಯಾಯಿತು. ಆದರೂ ದಿನ ಗೊತ್ತು ಮಾಡಿದೆ, ಒಪ್ಪಿಗೆಗೆ ಇಬ್ಬರನ್ನೂ ಕರೆಸಿದೆ.

ಅಪಾಯವನ್ನೆಲ್ಲ ಬಿಡಿಸಿ ಹೇಳಿದೆ. ಅಣ್ಣ ಕೂಡಲೇ ತಲೆಯಾಡಿಸಿ ಪೆನ್ನಿಗೆ ಕೈ ಚಾಚಿದರು. ಅಕ್ಕ ಹೇಳಿದರು, "ಒಂದು ಕೇಳ್ತೇನೆ, ಬೇಸರ ಮಾಡ್ಬೇಡಿ. ಸ್ವರ ಬಂದ ಮೇಲೆ ಇವರು ಕನ್ನಡವೇ ಮಾತಾಡುದಾ?"

ನಾನು ನಕ್ಕೆ. "ಹಾಗೇನಿಲ್ಲ ಅಕ್ಕ. ಸ್ವರಕ್ಕೆ ಭಾಷೆ ಎಲ್ಲಿಯದು?"

"ಅಲ್ಲ, ಇಲ್ಲಿ ಬಂದಾಗೆಲ್ಲ ಕನ್ನಡದ್ದೇ ಅಭ್ಯಾಸ. ಹಾಲು ಹಾಲು ಅಂತ ಇವರು ಮನೆಯಲ್ಲಿಯೂ ಬಾಯಿ ಮಾಡ್ತಾ ಇರುದು ನನಗೆ ಗೊತ್ತಾಗ್ತದೆ. ನನ್ನ ಹತ್ರ ಒಂದು ದಿನ ಇವರು ಕನ್ನಡ ಮಾತಾಡಿದವರಲ್ಲ. ಆಫೀಸಿನವರ ಹತ್ರ, ಡಾಕ್ಟ್ರ ಹತ್ರ ಮಾತಾಡುದು ಅದು. ಇವರು ಹಾಲು ಹೇಳಿದ್ರೆ ಯಾರೋ ಪರದವರು ಮನೆಗೆ ಬಂದ ಹಾಗೆ ಆಗ್ಲಿಕ್ಕಿಲ್ವಾ?"

"ನಿಮ್ಮಲ್ಲಿ ಹಾಲಿಗೆ ಏನಂತೀರಿ?"

"ಪೇರ್."

"ಹಕ್ಕಿಗೆ?"

"ಪಕ್ಕಿ."

"ಹತ್ತಕ್ಕೆ?"

"ಪತ್ತ್. ಎಂತ ಡಾಕ್ಟ್ರೆ, ತುಳು ಕಲಿಯುದಾ ಈಗ?"

ಡ್ರೆಸ್ಸಿಂಗ್ ಟ್ರೇ ಹಿಡಿದು ನಿಂತಿದ್ದ ಸಿಸ್ಟರ್, ನೆಲ್ಯಾಡಿ ಕಡೆಯ ಮಲಯಾಳಿ ಕುಟುಂಬದವರು, "ನಮ್ಮಲ್ಲಿಯೂ ಪತ್ತೇ" ಎಂದರು. ಕೋಣೆಯಲ್ಲಿ ಹಕಾರ ನನ್ನೊಬ್ಬಳದೇ ಆಗಿತ್ತು.

ಪಕಾರ ಹಕಾರವಾಯಿತು ಎಂದು ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ಪಾಲು ಹಾಲಾಯಿತು, ಪಕ್ಕಿ ಹಕ್ಕಿಯಾಯಿತು. ಪರೀಕ್ಷೆಗೆ ಎರಡು ಅಂಕ, ಅಷ್ಟೇ ಅದರ ಉಪಯೋಗ ಎಂದುಕೊಂಡಿದ್ದೆ. ಈಗ ಅದನ್ನೇ ಗಂಟಲಿನ ಲೆಕ್ಕದಲ್ಲಿ ಯೋಚಿಸಿದೆ. ಹಕಾರ ಹುಟ್ಟುವುದು ಧ್ವನಿಪೆಟ್ಟಿಗೆಯಲ್ಲಿ. ಈ ಮನುಷ್ಯನಿಗೆ ಅದೇ ಇಲ್ಲ. ಇಲ್ಲದ ಜಾಗದಿಂದ ಹಕಾರ ತರಲು ಅವರು ಎದೆಯಿಂದ ಗಾಳಿ ದಬ್ಬುತ್ತಿದ್ದರು, ದಬ್ಬಿದಷ್ಟೂ ಸ್ನಾಯು ಸೆಟೆಯುತ್ತಿತ್ತು. ಬೇರೆಯವರು ಹೇಗೋ ಹಕಾರವನ್ನು ನುಂಗಿ ಅದರ ಹಿಂದಿನ ಸ್ವರವನ್ನು ಹಿಡಿಯುತ್ತಾರೆ. ಇವರದು ವಿಧೇಯತೆ, ಡಾಕ್ಟರು ಹೇಳಿದ ಅಕ್ಷರವನ್ನೇ ಹೇಳಬೇಕು. ಪಕಾರ ಹುಟ್ಟುವುದು ತುಟಿಯಲ್ಲಿ, ತುಟಿ ಅವರಲ್ಲಿ ಪೂರ್ತಿ ಇತ್ತು. ಪುಸ್ತಕದಲ್ಲಿ ಇಷ್ಟು ಸಲೀಸಾಗಿ ಬರೆದಿರುವುದಿಲ್ಲ, ನನಗೂ ಧೈರ್ಯವಿರಲಿಲ್ಲ. ಆದರೆ ಒಂದು ಅಕ್ಷರ ಬದಲಿಸಿ ನೋಡದೆ ಕುತ್ತಿಗೆ ಬಿಚ್ಚಲು ಮನಸ್ಸು ಬರಲಿಲ್ಲ. ಶಸ್ತ್ರಚಿಕಿತ್ಸೆ ಮುಂದೂಡಿದೆ.

ಗುರುಗಳು "ಇದೇನಮ್ಮ, ವ್ಯಾಕರಣದ ಚಿಕಿತ್ಸೆ?" ಎಂದು ನಕ್ಕರು. ಥಿಯೇಟರಿನವರು ನಗಲಿಲ್ಲ, ತಯಾರಿ ಎಲ್ಲ ವ್ಯರ್ಥವಾಯಿತೆಂದು ಮುಖ ಸಿಂಡರಿಸಿದರು. ಅಣ್ಣನಿಗೆ ಬೇಸರವಾಯಿತು. ಚೀಟಿಯಲ್ಲಿ ಬರೆದು ತೋರಿಸಿದರು: "ನಾನು ಹೆದರುವುದಿಲ್ಲ." ನಾನು ಹೆದರುತ್ತೇನೆ ಎಂದು ಬಾಯಿಬಿಟ್ಟೇ ಹೇಳಿದೆ.

ಅಕ್ಕ ಹೇಳಿಕೊಟ್ಟ ಪಕಾರದ ಮಾತುಗಳನ್ನು ಅಭ್ಯಾಸಕ್ಕೆ ಕೊಟ್ಟೆ. ಪೇರ್, ಪಕ್ಕಿ, ಪತ್ತ್, ಹೆಸರು ಎನ್ನಲು ಪುದರ್. ಮುಂದಿನ ಭೇಟಿಗೆ ಅವರು ತಂದದ್ದು ತುಟಿಯ ಪಟಪಟ ಸದ್ದು ಮಾತ್ರ. ಅದರ ಹಿಂದೆ ಸ್ವರವಿಲ್ಲ. ಅದರ ಮುಂದಿನ ಭೇಟಿಯಲ್ಲೂ ಅಷ್ಟೇ. "ಮೀನು ಬಾಯಿ ಬಿಟ್ಟ ಹಾಗೆ" ಎಂದರು ಅಕ್ಕ. ಈ ಸಲ ಅವರ ತಮಾಷೆಯಲ್ಲಿ ಸುಸ್ತು ಕೇಳಿಸಿತು. ಗಂಡ ಮೊದಲು ಕೊನೇಪಕ್ಷ ಸುಮ್ಮನಿರುತ್ತಿದ್ದರಂತೆ. ಈಗ ಇಡೀ ದಿನ ಪಟ್ ಪಟ್ ಎನ್ನುವುದು ಕೇಳಿ ಕೇಳಿ, ಯಾರೋ ಕದ ತಟ್ಟಿ ಒಳಗೆ ಬಾರದೆ ಹೋಗುವ ಹಾಗೆ ಅನಿಸುತ್ತದಂತೆ.

ಆ ಭಾನುವಾರ ಮಾಡಲು ಬೇರೆ ಏನೂ ಇರಲಿಲ್ಲ. ಭಾನುವಾರಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಬಸ್ಸು ಹತ್ತಿ ಗುಂಡ್ಯಕ್ಕೆ ಹೋದೆ. ಹೋಟೆಲಿನಲ್ಲಿ ಮೂಲೆಯ ಮೇಜು ಹಿಡಿದು ಕೂತೆ. ಘಾಟಿ ಇಳಿದ ಬಸ್ಸೊಂದು ಬಂದು ನಿಂತಿತು, ಜನ ನುಗ್ಗಿದರು, ಹೊಸ ಸಪ್ಲೈಯರ್ ಮೇಜುಗಳ ನಡುವೆ ಓಡಾಡಿದ. ಗಿರಾಕಿಗಳ ಹತ್ತಿರ ಕನ್ನಡ, ಹಿಂದಿ, ಮಲಯಾಳ. ಅಡುಗೆಮನೆಗೆ ಮಾತ್ರ ತುಳು. ಅವನು ಕೂಗುವ ಬಗೆಯನ್ನು ನೋಡಿದೆ. ಅಡುಗೆಮನೆಯ ಕಡೆ ತಿರುಗಿ ನಿಲ್ಲುತ್ತಿರಲಿಲ್ಲ. ಮೇಜು ಒರೆಸುತ್ತಲೇ ಗದ್ದವನ್ನು ಹೆಗಲ ಮೇಲೆ ತಿರುಗಿಸಿ, ಗಮನವನ್ನೆಲ್ಲ ಕೈಯಲ್ಲಿಟ್ಟು, ಮಾತನ್ನು ಹಿಂದಕ್ಕೆ ಎಸೆಯುತ್ತಿದ್ದ. "ನಾಲ್ ಚಾ, ಪತ್ತ್ ಬನ್ಸ್." ಅದರಲ್ಲಿ ಪ್ರಯತ್ನವೇ ಇರಲಿಲ್ಲ.

ಕ್ಯಾಶಿನಲ್ಲಿದ್ದವರಿಗೆ ನಾನು ಯಾರೆಂದು ಗೊತ್ತಾಯಿತು. "ಇವನೆಂತ ಕೂಗುದು ಮಾರಾಯ್ರೆ" ಎಂದರು. "ಅಣ್ಣ ಕೂಗಿದ್ರೆ ಬಸ್ಸು ತಿರುವಿನಲ್ಲಿರುವಾಗಲೇ ಜನ ಇಳಿಲಿಕ್ಕೆ ರೆಡಿ. ಬಾಯಿದ್ದವನು ಬರಗಾಲದಲ್ಲೂ ಬದುಕಿಯಾನು ಅಂತಾರಲ್ಲ, ಅಂಥ ಬಾಯಿ."

ಹಿಂದಿನ ಕೋಣೆಯ ಬಾಗಿಲಲ್ಲಿ ಅಣ್ಣ ಈರುಳ್ಳಿಯ ಬುಟ್ಟಿಯೊಡನೆ ಕೂತಿದ್ದರು. ನನ್ನನ್ನು ಕಂಡು ಎದ್ದರು, ಒಂದು ಚಾ ತಂದಿಟ್ಟರು, ಎದುರಿನ ಬೆಂಚಿನಲ್ಲಿ ಕೂತರು. ಅಷ್ಟು ಗದ್ದಲದ ಹೋಟೆಲಿನಲ್ಲಿ ಮಾತಿಲ್ಲದೆ ಕೂತವರು ನಾವಿಬ್ಬರೇ. ಅವರಿಗೆ ಸ್ವರವಿರಲಿಲ್ಲ, ನನಗೆ ಅಲ್ಲಿ ಆಡಲು ಮಾತಿರಲಿಲ್ಲ. ನನ್ನ ಒಂಟಿತನ ಅವರಿಗೆ ಕಂಡಿತೋ ಏನೋ, ನಾನು ಏಳುವವರೆಗೆ ಅವರು ಎದ್ದು ಹೋಗಲಿಲ್ಲ.

ಮುಂದಿನ ಭೇಟಿಯಲ್ಲಿ ಅಕ್ಕ ಎಂದಿನಂತೆ ಹೊರಗೆ ಬೆಂಚಿನ ಮೇಲೆ ಕೂತರು. ಬಾಗಿಲು ಅರ್ಧ ತೆರೆದೇ ಇತ್ತು. ನಾನು ಅಣ್ಣನನ್ನು ಕುರ್ಚಿಯಿಂದ ಎಬ್ಬಿಸಿದೆ. ಸಿಸ್ಟರಿನ ಹತ್ತಿರ ಒರೆಸುವ ಬಟ್ಟೆ ಕೇಳಿ ತಂದು ಅವರ ಎಡಗೈಗೆ ಕೊಟ್ಟೆ.

"ಅಣ್ಣ, ಇದು ಆಸ್ಪತ್ರೆ ಅಲ್ಲ, ನಿಮ್ಮ ಹೋಟೆಲು. ಬಸ್ಸು ಬಂದು ನಿಂತಿದೆ. ಈ ಮೇಜು ಒರೆಸ್ತಾ ಒಳಗೆ ಹತ್ತು ಬನ್ಸ್ ಹೇಳಿ. ನನ್ನನ್ನು ನೋಡಬೇಡಿ. ನಾನು ಗಿರಾಕಿ, ನನಗೆ ಅವಸರ ಇದೆ."

ಅವರು ನನ್ನನ್ನು ಸ್ವಲ್ಪ ವಿಚಿತ್ರವಾಗಿ ನೋಡಿದರು. ಆಮೇಲೆ ಮೇಜು ಒರೆಸತೊಡಗಿದರು. ಒರೆಸುವುದು ಅವರ ಕೈಗೆ ಗೊತ್ತಿತ್ತು. ನನ್ನ ಕಾಗದಗಳನ್ನು ಎತ್ತಿ, ಅಡಿ ಒರೆಸಿ, ಇದ್ದಲ್ಲೇ ಇಟ್ಟರು. ಹಾಗೆ ಒರೆಸುತ್ತ ಬಲಗೈಯ ಹೆಬ್ಬೆರಳು ತಾನಾಗಿ ಕುತ್ತಿಗೆಯ ತೂತಿಗೆ ಹೋಯಿತು, ಒತ್ತದೆ ಸುಮ್ಮನೆ ಕೂತಿತು. ಗದ್ದ ಎಡ ಹೆಗಲಿಗೆ ತಿರುಗಿತು. ತುಟಿ ಮುಚ್ಚಿ ತೆರೆಯಿತು.

"ಪತ್ತ್."

ಒರಟು ಸ್ವರ, ಕುದಿಯುವ ಗಂಜಿಯ ಹಾಗೆ ತಳದಿಂದ ಎದ್ದು ಬಂದದ್ದು, ಕೊನೆಗೆ ಸ್ವಲ್ಪ ಎಳೆದದ್ದು. ಆದರೆ ಸ್ವರ. ಬನ್ಸ್ ಎನ್ನುವುದನ್ನು ಅವರು ಮರೆತೇಬಿಟ್ಟರು, ಒರೆಸುವ ಕೈಯೂ ನಿಂತಿತು. ನನ್ನ ಬಾಯಿಂದಲೂ ಎಷ್ಟೋ ಕಾಲದ ಮೇಲೆ ನಮ್ಮೂರ ಮಾತೇ ಬಂತು, "ಬಂತ್ ನೋಡ್ರಿ ಅಣ್ಣಾರ, ಬಂತಲ್ರಿ."

ಆಗ ಹೊರಗಿನಿಂದ ಅಕ್ಕನ ಸ್ವರ ಕೇಳಿಸಿತು. "ಬತ್ತರಾ? ಪೋಯಿ, ಬಸ್ಸ್‌ಗ್ ಪೊರ್ತಾಂಡ್."

ಬಂದಿರಾ, ಹೋಗುವ, ಬಸ್ಸಿಗೆ ಹೊತ್ತಾಯಿತು. ಅಷ್ಟು ತುಳು ನನಗೂ ಗೊತ್ತು. ಏನಾಯಿತೆಂದು ತಿಳಿಯಲು ಮಾತ್ರ ಒಂದು ಕ್ಷಣ ಬೇಕಾಯಿತು. ಧ್ವನಿಪೆಟ್ಟಿಗೆ ಇಲ್ಲದವರ ಪಕಾರ ಕೇಳುವವರ ಕಿವಿಗೆ ಬಕಾರವಾಗಿ ಹೋಗುತ್ತದೆ. ನಮ್ಮ ಗಂಟಲು ಪಕಾರಕ್ಕೆ ಅದುರುವುದನ್ನು ನಿಲ್ಲಿಸಿ ಮರಳಿ ಶುರುಮಾಡುತ್ತದೆ, ಅವರ ಹೊಸ ಸ್ವರಕ್ಕೆ ಅಷ್ಟು ಚುರುಕಿಲ್ಲ. ಅಣ್ಣ ಹೇಳಿದ್ದು ಪತ್ತ್, ಅಂದರೆ ಹತ್ತು. ಅಕ್ಕನಿಗೆ ಕೇಳಿಸಿದ್ದು ಬತ್ತೆ. ಬಂದೆ. ಸ್ವರವಿದ್ದ ಕಾಲದಲ್ಲಿ ದಿನಾ ಕೆಲಸ ಮುಗಿಸಿ ಬಂದ ಗಂಡ ಅಂಗಳದಿಂದ ಹೇಳುತ್ತಿದ್ದ ಮಾತು. ಅವರು ಯೋಚಿಸದೆ, ಆಶ್ಚರ್ಯಪಡದೆ, ಅದಕ್ಕೆ ಎಂದಿನ ಉತ್ತರ ಕೊಟ್ಟಿದ್ದರು.

ಬಾಗಿಲ ಸಂದಿಯಲ್ಲಿ ಅವರು ಕಾಣುತ್ತಿದ್ದರು. ಎದ್ದು ನಿಂತು, ಚೀಲ ಹೆಗಲಿಗೇರಿಸಿ, ಹಿಡಿದುಕೊಳ್ಳಲು ಗಂಡನ ಹೆಗಲಿಗಾಗಿ ಕೈ ಎತ್ತಿದ್ದರು. ಹೆಗಲು ಬರಲಿಲ್ಲ. ಎತ್ತಿದ ಕೈ ಅಲ್ಲೇ ನಿಂತಿತು. ಅವರ ಮುಖ ನಿಧಾನವಾಗಿ ಬಾಗಿಲ ಕಡೆ ತಿರುಗಿತು.

"ಏರ್ ಪಾತೆರಿನಿ?" ಎಂದು ಮೆಲ್ಲಗೆ ಕೇಳಿದರು. ಮಾತಾಡಿದ್ದು ಯಾರು?

ಹೇಳಬೇಕಾದವಳು ನಾನೇ ಎಂದುಕೊಂಡೆ. ಅದು ಅಭ್ಯಾಸದ ಒಂದು ಶಬ್ದ, ಅವರು ಹೇಳಿದ್ದು ಹತ್ತು ಎಂದು, ಮಾತು ಎನ್ನುವುದು ಬರಲು ಇನ್ನೂ ಬಹಳ ಕಾಲ ಬೇಕು ಎಂದು. ರೋಗಿಯ ಮನೆಯವರಿಗೆ ಇಲ್ಲದ ಆಸೆ ಹುಟ್ಟಿಸಬಾರದು. ಬಾಯಿ ತೆರೆದೆ. ಅಣ್ಣ ಕುತ್ತಿಗೆಯಿಂದ ಹೆಬ್ಬೆರಳು ತೆಗೆದು, ಅಂಗೈಯನ್ನು ನನ್ನ ಮುಖದ ಎದುರು ಹಿಡಿದರು. ನಾನು ಬಾಯಿ ಮುಚ್ಚಿದೆ.

ಒರೆಸುವ ಬಟ್ಟೆಯನ್ನು ಮೇಜಿನ ಮೇಲಿಟ್ಟು ಅವರು ಬಾಗಿಲಿಗೆ ಹೋದರು. ಹೆಂಡತಿಯ ಎತ್ತಿದ ಕೈಯ ಅಡಿಗೆ ತನ್ನ ಹೆಗಲು ತಂದು ನಿಲ್ಲಿಸಿದರು. ಹೆಬ್ಬೆರಳನ್ನು ಮೆತ್ತಗೆ ಕುತ್ತಿಗೆಗೆ ಇಟ್ಟುಕೊಂಡು, ಇನ್ನೊಮ್ಮೆ ಹೇಳಿದರು. ಈ ಸಲ ಅವರು ಹೇಳಿದ್ದು ಪತ್ತೋ ಬತ್ತೆಯೋ ನನಗೆ ತಿಳಿಯಲಿಲ್ಲ. ಅಕ್ಕನಿಗೆ ತಿಳಿಯಿತು.